ಹೊತ್ತು, ವಾಡೊ, ಸರದಿ: ಉಡುಪಿ ಸೀಮೆಯ ಕ್ರೈಸ್ತರಲ್ಲಿ ಆರಾಧನೆ ಮತ್ತು ಸೇವೆಯ ರೂಢಿ

ಪ್ರಾರ್ಥನೆಗೆ ಹೊತ್ತು ಗೊತ್ತುಮಾಡುವ ಪದ್ಧತಿ ಕ್ರೈಸ್ತ ಧರ್ಮದಷ್ಟೇ ಹಳೆಯದು. ದಿನಕ್ಕೆ ಮೂರು ಸಲ ಪ್ರಾರ್ಥಿಸಬೇಕೆಂಬ ವಿಧಿ ಆದಿಸಭೆಯ ಬೋಧನೆಯ ಕೈಪಿಡಿಯಾದ ‘ದಿದಾಖೆ’ಯಲ್ಲಿದೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿ ಮಠದ ಇಡೀ ದಿನವನ್ನು ಪ್ರಾರ್ಥನೆ, ಓದು, ದುಡಿಮೆಗಳಿಗೆ ಹಂಚಿಕೊಟ್ಟಿತು. ಉಡುಪಿ ಸೀಮೆಯಲ್ಲಿ ಈ ಶಿಸ್ತು ನೆಲೆಯೂರಿದ್ದು ಮುಖ್ಯವಾಗಿ ಮನೆಯಲ್ಲಿ ಮತ್ತು ದುಡಿಯುವ ಜಾಗದಲ್ಲಿ. ಕೊಂಕಣಿ ಕಥೊಲಿಕರೂ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನಿಂದ ಬೆಳೆದ ತುಳು–ಕನ್ನಡ ಪ್ರಾಟೆಸ್ಟಂಟರೂ ಬೇರೆ ಬೇರೆ ದಾರಿ ಹಿಡಿದರು. ಆದರೆ ಒಬ್ಬೊಬ್ಬರ ಸಂಕಲ್ಪವನ್ನು ನೆಚ್ಚಿ ಕೂರದೆ, ನಿತ್ಯದ ಆಚರಣೆಯನ್ನು ಸಮುದಾಯದ ಏರ್ಪಾಟಿಗೆ ಒಪ್ಪಿಸಿದ್ದು ಇಬ್ಬರಲ್ಲೂ ಕಾಣುತ್ತದೆ.

ಕಥೊಲಿಕ ಮನೆಯ ದಿನ ಸಂಜೆಯ ಜಪಸರ, ಅಂದರೆ ತೇರ್ಸ್‌ನ ಸುತ್ತ ತಿರುಗುತ್ತದೆ. ಸಂಜೆಯ ಪ್ರಾರ್ಥನೆಗೆ ಕರೆಯುವ ಆಮೊರಿ ಗಂಟೆಯ ಬಳಿಕ ಮನೆಮಂದಿ ದೇವರ ಪೀಠವಾದ ಆಲ್ತಾರಿನ ಮುಂದೆ ಮೊಣಕಾಲೂರಿ ಜಪಸರ ಹೇಳುತ್ತಾರೆ; ತೀರಿಕೊಂಡವರ ಹೆಸರಲ್ಲೂ ಪ್ರಾರ್ಥನೆ ಸಲ್ಲುತ್ತದೆ; ಕೊನೆಗೆ ಕಿರಿಯರು ಹಿರಿಯರಿಂದ ಬೆಸಾಂವ್ (ಆಶೀರ್ವಾದ) ಪಡೆಯುತ್ತಾರೆ. ಅರ್ಥ ತಿಳಿಯುವ ಮೊದಲೇ ಮಗುವಿನ ನಾಲಗೆಗೆ ಪ್ರಾರ್ಥನೆ ಹತ್ತಿರುತ್ತದೆ. ಸಂಜೆಯನ್ನೇ ಆರಿಸಿಕೊಂಡದ್ದಕ್ಕೆ ದುಡಿಮೆಯೂ ಕಾರಣವಿರಬೇಕು. ಕಾಪು ತಾಲೂಕಿನ ಶಂಕರಪುರದಂಥ ಕಡೆ ಬೆಳಗಿನ ಹೊತ್ತೆಲ್ಲ ಮಲ್ಲಿಗೆಯದು: ಮೊಗ್ಗು ಕೊಯ್ದು, ಕಟ್ಟಿ, ಅಟ್ಟೆಯ (ಕಟ್ಟಿದ ಹೂವಿನ ಅಳತೆಯ) ಲೆಕ್ಕದಲ್ಲಿ ಮಾರುಕಟ್ಟೆಗೆ ಕಳಿಸಬೇಕು. ಎಲ್ಲರೂ ಒಟ್ಟಿಗೆ ಸಿಗುವುದು ದೀಪ ಹಚ್ಚಿದ ಮೇಲೆಯೇ.

ವರ್ಷದ ಲಯವನ್ನು ಹಬ್ಬಗಳು ಕಾಯುತ್ತವೆ. ಸೆಪ್ಟೆಂಬರ್ 8ರಂದು ಬರುವ, ಮರಿಯಮ್ಮನ ಜನ್ಮದಿನದ ಹಬ್ಬವಾದ ಮೊಂತಿ ಫೆಸ್ತ್‌ಗೆ ಮುಂಚಿನ ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಕಾಳು ಎಲ್ಲರ ಬಾಯಿಗೂ ಬೀಳಬೇಕು, ಊಟ ಸಸ್ಯಾಹಾರದ್ದೇ ಆಗಬೇಕು. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಇಗರ್ಜಿ 1759ರಲ್ಲಿ ಸ್ಥಾಪನೆಯಾದದ್ದು. 2016ರಲ್ಲಿ ಅದಕ್ಕೆ ಕಿರಿಯ ಬಸಿಲಿಕದ ಪದವಿ ಸಿಕ್ಕಿತು. ಜನವರಿಯ ವಾರ್ಷಿಕ ಹಬ್ಬವಾದ ಸಾಂತ್‌ಮಾರಿಗೆ ಎಲ್ಲ ಧರ್ಮದವರೂ ಬಂದು ಮೇಣದಬತ್ತಿಯ ಹರಕೆ ಒಪ್ಪಿಸುತ್ತಾರೆ. ಆ ಜನಸಾಗರವನ್ನು ಸ್ಥಳೀಯ ಭಕ್ತಿಯ ಅಳತೆಗೋಲಾಗಿ ಹಿಡಿಯುವುದು ಸುಲಭ, ಆದರೆ ಸರಿಯಲ್ಲ. ವಾರವಾರವೂ ಇಗರ್ಜಿ ನಡೆಸುವವರು ಬೇರೆ.

ಅವರನ್ನು ಒಟ್ಟುಗೂಡಿಸುವುದು ವಾಡೊ, ಅಂದರೆ ಇಗರ್ಜಿಯ ವ್ಯಾಪ್ತಿಯೊಳಗಿನ ನೆರೆಹೊರೆಯ ಮನೆಗಳ ಗುಂಪು. ಗುರ್ಕಾರ ಅದರ ಮುಖಂಡ: ಸಭೆಯ ದಿನ ತಿಳಿಸುವವನು, ಕಾಯಿಲೆ ಬಿದ್ದವರ ಸುದ್ದಿಯನ್ನು ಪಾದ್ರಿಗೆ ಮುಟ್ಟಿಸುವವನು. ಸೇವೆಗೂ ಇಂಥದೇ ಕಟ್ಟು ಇದೆ. 1833ರಲ್ಲಿ ಫ್ರೆಡರಿಕ್ ಓಜನಮ್ ಮತ್ತು ಸಂಗಡಿಗರು ಪ್ಯಾರಿಸ್ಸಿನಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ನಿಯಮಿತವಾಗಿ ಕೂಡಿ, ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಬೇಕು. ಸಂಕಲ್ಪಕ್ಕಿಂತ ಏರ್ಪಾಟನ್ನು ನೆಚ್ಚುವ ಈ ರೀತಿ ಇಗರ್ಜಿಯ ಹೊರಗೂ ಇತ್ತು. ಉಡುಪಿಯಲ್ಲೇ 1928ರಲ್ಲಿ ಶುರುವಾದ, ದಿನದ ಸಣ್ಣ ಉಳಿತಾಯದ ಪಿಗ್ಮಿ ಠೇವಣಿ ಹೀಗೆಯೇ ನಡೆಯಿತು: ದಿನದ ಎರಡಾಣೆ ಉಳಿದದ್ದು ಬ್ಯಾಂಕಿನವನು ಬಾಗಿಲಿಗೆ ಬರುತ್ತಿದ್ದುದರಿಂದ.

ಬಾಸೆಲ್ ಮಿಷನ್ನಿನ ಕತೆ ಇಷ್ಟು ಸರಳವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್, 1854ರಲ್ಲಿ ಉಡುಪಿಯಲ್ಲಿ ಕೇಂದ್ರ ತೆರೆಯಿತು. ಮತಾಂತರಗೊಂಡವರು ಜಾತಿಯ ಜೊತೆಗೆ ಜೀವನೋಪಾಯವನ್ನೂ ಕಳೆದುಕೊಳ್ಳುತ್ತಿದ್ದುದರಿಂದ ನೇಯ್ಗೆ, ಹಂಚಿನ ಕಾರ್ಖಾನೆಗಳು ಹುಟ್ಟಿದವು, ಮಲ್ಪೆಯದು 1886ರದು. ಪ್ರಾರ್ಥನೆಯಿಂದ ಕೆಲಸ ಶುರು, ಭಾನುವಾರ ರಜೆ. ಕೂಲಿ ಕೊಡುವವರೂ ಸಭೆಯ ಶಿಸ್ತು ನೋಡುವವರೂ ಒಂದೇ ಮಿಷನ್ನಿನವರಾದಾಗ ಭಕ್ತಿ ಎಲ್ಲಿ ಮುಗಿದು ವಿಧೇಯತೆ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯುವುದು ಕಷ್ಟ. ಸೇವೆಯ ಬಾಳಿಕೆಯ ಕುರುಹಾಗಿ ಉಳಿದದ್ದು ಆಸ್ಪತ್ರೆ. ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ್ದು ಇಂದಿಗೂ ಊರವರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’ಯೇ.

ಮುಂಬಯಿ, ಗಲ್ಫ್ ವಲಸೆ ತೇರ್ಸ್‌ನ ಕೂಟವನ್ನು ತೆಳುವಾಗಿಸಿದೆ. ಮಣಿಪಾಲದಂಥ ಆಸ್ಪತ್ರೆ–ಕಾಲೇಜುಗಳ ಊರಿನಲ್ಲಿ ಪಾಳಿಯ ಕೆಲಸ ಸಂಜೆಯನ್ನೂ ಭಾನುವಾರವನ್ನೂ ನುಂಗುತ್ತದೆ. ಶನಿವಾರ ಸಂಜೆಯ ಬಲಿಪೂಜೆಯಿಂದ ಭಾನುವಾರದ ಕಟ್ಟಳೆ ತೀರುತ್ತದೆಂಬ ಕಥೊಲಿಕ ನಿಯಮ ಅಂಥವರಿಗೆ ಅನುಕೂಲ. ಮಕ್ಕಳು ಪರವೂರಲ್ಲಿದ್ದು ಮುದುಕರಷ್ಟೇ ಉಳಿದ ಮನೆಗಳಲ್ಲಿ ವಾಡೊದ ಹೊಣೆ ಹೆಚ್ಚಿದೆ. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಒಯ್ಯುವುದಕ್ಕೆ ತಿಂಗಳ ಮೊದಲ ಶುಕ್ರವಾರವನ್ನು ಗೊತ್ತುಮಾಡಿಕೊಂಡ ಕಡೆ, ಆರಾಧನೆ ಮತ್ತು ಸೇವೆ ಒಂದೇ ಭೇಟಿಯಲ್ಲಿ ಮುಗಿಯುತ್ತವೆ.