ಒಂದು, ಎರಡು, ನಾಲ್ಕು...

ಮದ್ದೂರಿನ ಶಿವಪುರ ಅಂದ ಕೂಡಲೇ ನೆನಪಾಗೋದು 1938ರ ಧ್ವಜ ಸತ್ಯಾಗ್ರಹ. ನಾನಿಲ್ಲಿ ಬರೀತಿರೋದು ಮಾತ್ರ ಅದೇ ಊರಲ್ಲಿ ನಮ್ಮ ಚಿಕ್ಕಪ್ಪ ಕಟ್ಟಿಸಲಿರುವ ಹನ್ನೆರಡು ಚದರದ ಮನೆಯ ಕರಾರುಪತ್ರದ ಬಗ್ಗೆ. "ಒಂದ್ಸಲ ಓದಿ ನೋಡಪ್ಪಾ" ಅಂತ ಕೈಗೆ ಕೊಟ್ಟರು. ಮೂರು ಹಾಳೆ. ದುಡ್ಡು ಯಾವಾಗ ಕೊಡಬೇಕು ಅನ್ನೋದಕ್ಕೆ ಎರಡು ಹಾಳೆ, ಮನೆ ಹೇಗೆ ಕಟ್ಟಬೇಕು ಅನ್ನೋದಕ್ಕೆ ಎಂಟೇ ಸಾಲು! ಅದರಲ್ಲೊಂದು: "ಪಿಲ್ಲರ್, ಬೀಮ್, ಮೋಲ್ಡಿಗೆ 1:2:4 ಕಾಂಕ್ರೀಟ್."

ಈ ಮೂರು ಅಂಕಿಗೆ ಒಂದು ಚರಿತ್ರೆಯೇ ಇದೆ.

ನಮ್ಮ ಕಡೆ ಹಿಂದೆ ಗಟ್ಟಿ ಕಟ್ಟಡ ಅಂದರೆ ಗಾರೆ. ಸುಣ್ಣ, ಮರಳು, ಸುರ್ಕಿ ಅಂದರೆ ಇಟ್ಟಿಗೆ ಪುಡಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದೂ ಸುರ್ಕಿ ಗಾರೆಯಲ್ಲೇ. ಮಂಡ್ಯದ ಗದ್ದೆಗಳು ಇವತ್ತಿಗೂ ಆ ನೀರನ್ನೇ ಕುಡಿಯುತ್ತಿವೆ. ಊರಿನ ಕೆಲಸದಲ್ಲಿ ಎತ್ತು ಕಟ್ಟಿ, ಕಲ್ಲಿನ ಚಕ್ರ ತಿರುಗಿಸಿ ಗಾರೆ ಅರೆಯುತ್ತಿದ್ದರು. ಅರೆದದ್ದು ನುಣ್ಣಗಾಗಿದೆಯೋ ಇಲ್ಲವೋ ಅಂತ ಮನೆಯವರು ಬೆರಳಲ್ಲಿ ಮುಟ್ಟಿ ನೋಡಬಹುದಿತ್ತು. ಬಾಯಿಮಾತು ಸಾಕಾಗುತ್ತಿತ್ತು.

ಸಿಮೆಂಟು ಬಂದ ಮೇಲೆ ಆ ಬೆರಳು ಸೋತಿತು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಳಗೆ ಎಷ್ಟು ಮೂಟೆ ಹೋಗಿದೆ ಅಂತ ಕಣ್ಣಿಗೆ ಕಾಣೋದಿಲ್ಲ. ಜೊತೆಗೆ ಸಿಮೆಂಟಿಗೆ ಸರ್ಕಾರದ ಹತೋಟಿ ಬೇರೆ. ಅದು ಭಾಗಶಃ ಸಡಿಲವಾಗಿದ್ದು 1982ರಲ್ಲಿ, ಪೂರ್ತಿ ಹೋಗಿದ್ದು 1989ರಲ್ಲಿ. ಪರ್ಮಿಟ್ಟಿನ ಆ ಕಾಲದಲ್ಲಿ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಅನ್ನೋದು ಮೇಸ್ತ್ರಿಗಳ ಬಾಯಿಪಾಠ. ತಪ್ಪೇನಿರಲಿಲ್ಲ. ಅದು ಎಂ-15 ದರ್ಜೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ 1978ರ ಆವೃತ್ತಿ, ಕಂಬಿ ಹಾಕಿದ ಕಾಂಕ್ರೀಟಿಗೆ ಅಷ್ಟು ಸಾಕು ಅಂದಿತ್ತು.

2000ದಲ್ಲಿ ಅದೇ ಮಾನಕ ಪರಿಷ್ಕರಣೆಯಾಗಿ ಕನಿಷ್ಠ ದರ್ಜೆ ಎಂ-20ಕ್ಕೆ ಏರಿತು. ಅಂದರೆ 1:1.5:3. ಘನ ಮೀಟರಿಗೆ ಸುಮಾರು ಆರೂಕಾಲು ಮೂಟೆ ಸಿಮೆಂಟ್ ಇದ್ದದ್ದು ಎಂಟು ಮೂಟೆ ಆಯಿತು. ಮಾನಕ ಬದಲಾಗಿ ಕಾಲು ಶತಮಾನ ಕಳೆದರೂ ಬಾಯಿಪಾಠ ಬದಲಾಗಿಲ್ಲ ನೋಡಿ! ಉಳಿದ ಆ ಒಂದೂಮುಕ್ಕಾಲು ಮೂಟೆಯ ದುಡ್ಡು ಯಾರ ಜೇಬಿಗೆ ಹೋಗುತ್ತೆ, ಮುಂದೆ ತಾರಸಿ ಸೋರಿದರೆ ಯಾರ ತಲೆ ಮೇಲೆ ಸೋರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ನೀರುಣಿಸೋದರದ್ದೂ ಇದೇ ಕಥೆ. "ಕ್ಯೂರಿಂಗ್ ಮಾಡತಕ್ಕದ್ದು" ಅಂತಷ್ಟೇ ಬರೆದಿತ್ತು. ಮಾಮೂಲಿ ಸಿಮೆಂಟಿಗೆ ಕನಿಷ್ಠ ಏಳು ದಿನ, ಬೂದಿ ಬೆರೆಸಿದ ಪಿಪಿಸಿಗೆ ಹತ್ತು ದಿನ ಅಂತ ಆ ಮಾನಕದಲ್ಲೇ ಇದೆ. ಎಷ್ಟು ದಿನ, ನೀರು ಹಾಕೋರು ಯಾರು ಅಂತ ಬರೆಯದಿದ್ದರೆ ಹಾಕೋರು ಯಾರೂ ಇರಲ್ಲ.

ಚಿಕ್ಕಪ್ಪ ಮೊದಲು, "ಮೇಸ್ತ್ರಿ ಬೇಜಾರು ಮಾಡ್ಕೊಂಡಾನು ಕಣಪ್ಪಾ" ಅಂದರು. ಬರೆದುಕೊಳ್ಳೋದು ಅಪನಂಬಿಕೆ ಅಲ್ಲ, ಬೆರಳಿಗೆ ಸಿಗದೇ ಹೋದದ್ದನ್ನ ಕಾಗದದಲ್ಲಿ ಹಿಡಿಯೋದು ಅಂದೆ. ಎಂ-20 ಅಂತ ತಿದ್ದಿಸಿದ್ದಾಯ್ತು, ಹತ್ತು ದಿನ ನೀರು ಅಂತ ಸೇರಿಸಿದ್ದಾಯ್ತು. ದರ ಚದರಕ್ಕೆ ಸ್ವಲ್ಪ ಏರಿತು. ಏರಲಿ ಬಿಡಿ.

ನಿಮ್ಮೂರಿನ ಕರಾರುಪತ್ರದಲ್ಲಿ ಇನ್ನೂ ಒಂದು-ಎರಡು-ನಾಲ್ಕೇ ಇದೆಯಾ? ಸಹಿ ಹಾಕೋ ಮುಂಚೆ ಒಮ್ಮೆ ನೋಡಿ.