ಪಾನೀಯದ ಕುಲಗೋತ್ರ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಮದ್ಯದ ವಿಷಯದಲ್ಲಾದರೋ ರುಚಿ ಮಾತ್ರ ಕುಡಿಯುವವನದು; ಅದಕ್ಕೆ ಅರ್ಥ ಕಲ್ಪಿಸುವ ಅಧಿಕಾರ ನೋಡುವವರದು. ಬಟ್ಟಲಿನಲ್ಲಿರುವುದನ್ನು ಕಂಡು ಕುಡಿಯುವವನ ಕುಲಶೀಲಗಳನ್ನು ನಿರ್ಣಯಿಸುವುದು ಲೋಕದ ಹಳೆಯ ಅಭ್ಯಾಸ. ಈ ನಿರ್ಣಯ ಎಷ್ಟು ನ್ಯಾಯವಾದುದೆಂಬುದನ್ನು ಹದಿನೆಂಟನೆಯ ಶತಮಾನದ ಲಂಡನ್ ನಗರದ ಚರಿತ್ರೆಯಿಂದ ಪರಿಶೀಲಿಸಬಹುದು.

1689ರಲ್ಲಿ ಹಾಲೆಂಡಿನ ವಿಲಿಯಂ ಇಂಗ್ಲೆಂಡಿನ ದೊರೆಯಾದನು. ಫ್ರಾನ್ಸಿನೊಡನೆ ಯುದ್ಧ ತೊಡಗಿ ಅಲ್ಲಿಯ ಬ್ರಾಂದಿಗೆ ತಡೆಯಾಯಿತು. ಜಮೀನ್ದಾರರ ಧಾನ್ಯಕ್ಕೆ ಗಿರಾಕಿ ದೊರೆಯಲೆಂದು ಸರ್ಕಾರವೇ ಸ್ವದೇಶದ ಭಟ್ಟಿಗಳನ್ನು ಪ್ರೋತ್ಸಾಹಿಸಿತು. ಹೀಗೆ ಅಗ್ಗವಾಗಿ ಹರಡಿದ ಪಾನವೇ ಜಿನ್. ಶ್ರೀಮಂತರ ಬಟ್ಟಲಿನ ಕಥೆಯೂ ಇಂಥದೇ. 1703ರ ಒಪ್ಪಂದದಂತೆ ಪೋರ್ಚುಗಲ್ಲಿನ ದ್ರಾಕ್ಷಾರಸಕ್ಕೆ ಫ್ರೆಂಚರದಕ್ಕಿಂತ ಮೂರರಲ್ಲೊಂದು ಪಾಲು ಸುಂಕ ಕಡಮೆಯಾಯಿತು. ಪೋರ್ಟು ದೇಶಾಭಿಮಾನಿಗಳ ಪಾನವೆನಿಸಿತು. ಬಡವನ ರುಚಿಯನ್ನೂ ಧನಿಕನ ರುಚಿಯನ್ನೂ ರೂಪಿಸಿದುದು ಬಹುಮಟ್ಟಿಗೆ ರಾಜ್ಯದ ಸುಂಕನೀತಿ.

ಜಿನ್ನಿನಿಂದಾದ ಹಾನಿ ಸುಳ್ಳಲ್ಲ. ಆದರೆ 1736ರಲ್ಲಿ ಪಾರ್ಲಿಮೆಂಟು ಮಾಡಿದ ಶಾಸನದ ಪೀಠಿಕೆಯು ಈ ವ್ಯಸನವನ್ನು ವಿಶೇಷವಾಗಿ ಕೆಳದರ್ಜೆಯ ಜನರಿಗೆ ಆರೋಪಿಸಿತು. ಚಿಲ್ಲರೆ ಮಾರಾಟದ ಪರವಾನಗಿಗೆ ವರ್ಷಕ್ಕೆ 50 ಪೌಂಡು, ಗ್ಯಾಲನ್ನಿಗೆ 20 ಷಿಲಿಂಗು ಸುಂಕ ಗೊತ್ತಾಯಿತು. ಬಡ ವ್ಯಾಪಾರಿಗೆ ಇದು ನಿಲುಕದ ಮೊತ್ತ. ಮಾರಾಟ ಗುಟ್ಟಾಗಿ ನಡೆಯಿತು. ಬಹುಮಾನದ ಆಸೆಯಿಂದ ಚಾಡಿ ಹೇಳುವವರು ಹುಟ್ಟಿಕೊಂಡರು. ಜನ ಅವರನ್ನು ಬೀದಿಯಲ್ಲಿ ಥಳಿಸಿದರು. 1743ರಲ್ಲಿ ಶಾಸನ ರದ್ದಾಯಿತು.

ಚಿತ್ರಕಾರ ವಿಲಿಯಂ ಹೋಗಾರ್ತನು 1751ರಲ್ಲಿ ಎರಡು ಮುದ್ರಾಚಿತ್ರಗಳನ್ನು ಪ್ರಕಟಿಸಿದನು. 'ಬೀರ್ ಬೀದಿ'ಯಲ್ಲಿ ಮೈತುಂಬಿದ ಕಸುಬುದಾರರು ನಗುತ್ತಿರುವರು. ಗಿರವಿ ಅಂಗಡಿ ಪಾಳುಬಿದ್ದಿದೆ. 'ಜಿನ್ ಓಣಿ'ಯಲ್ಲಿ ಗಿರವಿಯವನಿಗೆ ಸುಗ್ಗಿ; ಬಡಗಿ ಗರಗಸವನ್ನು ಒತ್ತೆಯಿಡುತ್ತಿರುವನು; ಮೈಮರೆತ ತಾಯಿಯ ತೋಳಿನಿಂದ ಕೂಸು ಜಾರಿ ಬೀಳುತ್ತಿದೆ. ಬೀರು ಇಂಗ್ಲಿಷರ ಸಾತ್ತ್ವಿಕ ಪಾನ, ಜಿನ್ ಪರದೇಶದ ವಿಷ ಎಂಬ ಭಾವನೆ ಈ ಚಿತ್ರಗಳಿಂದ ಜನಮನದಲ್ಲಿ ಅಚ್ಚೊತ್ತಿತು. ಇದೇ ಹೋಗಾರ್ತನು 1733ರಲ್ಲಿ, ಪಂಚ್ ಎಂಬ ಮಿಶ್ರಮದ್ಯದ ಪಾತ್ರೆಯ ಸುತ್ತ ನಡುರಾತ್ರಿ ಕಳೆದ ಮೇಲೂ ಹೊರಳಾಡುತ್ತಿರುವ ಹನ್ನೊಂದು ಮಂದಿ ಸಭ್ಯಗೃಹಸ್ಥರನ್ನು ಚಿತ್ರಿಸಿದ್ದನು. ಆ ಚಿತ್ರವನ್ನು ಕಂಡು ಯಾರೂ ಬೆಚ್ಚಲಿಲ್ಲ, ನಕ್ಕರು, ಪಾನಪಾತ್ರೆಗಳ ಮೇಲೆಯೇ ಅದನ್ನು ಬರೆಯಿಸಿಕೊಂಡರು. ಅಮಲು ಒಂದೇ, ಧನಿಕನಲ್ಲಿ ಅದು ವಿನೋದ, ದರಿದ್ರನಲ್ಲಿ ಪಾತಕ.

ಜಿನ್ನಿನ ಹಾವಳಿ ಇಳಿದುದು ಹೇಗೆ? 1751ರ ಮಿತವಾದ ಕಾಯಿದೆ ಮಾರಾಟವನ್ನು ಹತೋಟಿಗೆ ತಂದಿತು. 1757ರಲ್ಲಿ ಬೆಳೆ ಕೆಟ್ಟು, ಧಾನ್ಯದಿಂದ ಭಟ್ಟಿಯಿಳಿಸುವುದು 1760ರ ವರೆಗೆ ನಿಷಿದ್ಧವಾಯಿತು. ಬೆಲೆಯೇರಿತು, ಕುಡಿತ ತಗ್ಗಿತು. ಬಡವರ ಸ್ವಭಾವವೇ ಕೇಡಿಗೆ ಮೂಲವಾಗಿದ್ದರೆ ಧಾನ್ಯದ ಅಭಾವ ಅದನ್ನು ತಿದ್ದಲಾರದಾಗಿತ್ತು.

ಮುಂದಿನ ಶತಮಾನದಲ್ಲಿ ಆ ಜಿನ್ನಿಗೆ ಹೊಸ ಜನ್ಮ ಬಂದಿತು. 1858ರಲ್ಲಿ ಲಂಡನ್ನಿನ ಎರಾಸ್ಮಸ್ ಬಾಂಡ್ ಎಂಬಾತನು ಟಾನಿಕ್ ಸೋಡಾನೀರಿಗೆ ಪೇಟೆಂಟು ಪಡೆದನು. ಕ್ವಿನೈನಿನ ಕಹಿ ಬೆರೆತ ಇಂಥ ನೀರಿನೊಡನೆ ಕೂಡಿ ಜಿನ್ ಹಿಂದೂದೇಶದ ದೊರೆಗಳ ಕ್ಲಬ್ಬುಗಳನ್ನು ಪ್ರವೇಶಿಸಿತು. ಓಣಿಯ ಪಿಶಾಚಿ ಸಾಹೇಬರ ಸಂಜೆಯ ಸಂಗಾತಿಯಾಯಿತು. ಆ ದಿನಗಳಲ್ಲಿಯೇ ನಮ್ಮ ಕೂಲಿಯವನ ಹೆಂಡ, ಸಾರಾಯಿಗಳು ಹೀನವೆನಿಸಿಕೊಂಡಿದ್ದುವು. ಅವುಗಳಿಂದ ಬಂದ ಅಬ್ಕಾರಿ ಹಣ ಮಾತ್ರ ಬೊಕ್ಕಸಕ್ಕೆ ಹೀನವೆನಿಸಲಿಲ್ಲ.

ಪಾನವನ್ನು ನಿಂದಿಸುವವರು ನಿಂದಿಸಲಿ. ಅದಕ್ಕೆ ಕಾರಣಗಳು ಸಾಕಷ್ಟಿವೆ. ಆದರೆ ಬಟ್ಟಲಿಗೆ ಕುಲಗೋತ್ರವನ್ನು ಕಟ್ಟಿ, ಅದನ್ನು ಹಿಡಿದವನ ಯೋಗ್ಯತೆಯನ್ನು ಅಳೆಯುವ ಮೊದಲು, ಅದರ ಬೆಲೆಯನ್ನು ಗೊತ್ತುಮಾಡಿದವರು ಯಾರೆಂದು ವಿಚಾರಿಸುವುದು ಧರ್ಮ.