ಕಡಲ ನೀರು, ಇಂಜಿನ್ನಿನ ಕಾವು: ಕರಾವಳಿಯ ಒಂದು ದುರಸ್ತಿ ವಿದ್ಯೆಯ ಇತಿಹಾಸ

ಕರ್ನಾಟಕದ ಕರಾವಳಿಗೆ ಯಾಂತ್ರಿಕ ಮೀನುಗಾರಿಕೆ ಬಂದ ಬಗೆಯನ್ನು ಹೇಳುವ ಬರಹಗಳು ಹೆಚ್ಚಾಗಿ ಬಲೆ, ಇಳುವರಿ ಮತ್ತು ಮಾರುಕಟ್ಟೆಗಳ ಸುತ್ತ ಬೆಳೆದಿವೆ. ಹತ್ತಾರು ಮಂದಿ ದಡದಲ್ಲಿ ಸಾಲುಗಟ್ಟಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯು 1970ರ ದಶಕದ ನಡುವಿನಲ್ಲಿ ಬಂದ ಪರ್ಸೀನ್ ಬೋಟುಗಳ ಎದುರು ಹಿಂದೆ ಸರಿದದ್ದು ಅವುಗಳ ಮುಖ್ಯ ಅಧ್ಯಾಯವಾಗಿದೆ. ಆದರೆ ಬೋಟಿನ ಒಡಲೊಳಗೆ ಕೂರಿಸಿದ ಇಂಜಿನ್, ಅಂದರೆ ಇನ್‌ಬೋರ್ಡ್ ಇಂಜಿನ್, ಮಿತಿಮೀರಿ ಕಾಯದೆ ಓಡಿದರೆ ಮಾತ್ರ ಈ ಬದಲಾವಣೆಗಳೆಲ್ಲ ಸಾಧ್ಯವಿದ್ದವು ಎಂಬುದನ್ನು ಗಮನಿಸಿದರೆ, ಅದರ ಕಾವನ್ನು ಹತೋಟಿಯಲ್ಲಿಡುವ ಮತ್ತು ಕಾವು ಏರಿದಾಗ ಕಾರಣ ಹುಡುಕಿ ಸರಿಪಡಿಸುವ ವಿದ್ಯೆಗೂ ಆ ಇತಿಹಾಸದಲ್ಲಿ ದೊಡ್ಡ ಪಾಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಈ ವಿದ್ಯೆಯ ಬೇರುಗಳು ಯುರೋಪಿನಲ್ಲಿವೆ. 1886ರಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಖ್ ಜರ್ಮನಿಯ ನೆಕ್ಕರ್ ನದಿಯಲ್ಲಿ ಇಂಜಿನ್ ಅಳವಡಿಸಿದ ದೋಣಿಯನ್ನು ಓಡಿಸಿ ನೋಡಿದರು. ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುಅರ್ಟ್ ರೂಪಿಸಿದ, ಸಿಲಿಂಡರಿನ ತಲೆಯಲ್ಲಿರುವ ಲೋಹದ ಬುರುಡೆಯನ್ನು ಮೊದಲು ಕಾಯಿಸಿ ಚಾಲೂ ಮಾಡುವ ಎಣ್ಣೆ ಇಂಜಿನ್ನಿನ ಮಾದರಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಕ್ಯಾಂಡಿನೇವಿಯದ ಮೀನುಗಾರರಲ್ಲಿ ಹರಡಿತು. 1897ರಲ್ಲಿ ಯಶಸ್ವಿಯಾಗಿ ಓಡಿದ ರುಡಾಲ್ಫ್ ಡೀಸೆಲ್‌ರ ಇಂಜಿನ್ ಕ್ರಮೇಣ ಅವೆರಡನ್ನೂ ಹಿಂದೆ ಹಾಕಿತು. ಇಂಥ ಇಂಜಿನ್ನುಗಳಲ್ಲಿ ಇಂಧನದ ಶಕ್ತಿಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ, ಉಳಿದದ್ದು ಹೊಗೆಯ ಮೂಲಕ ಮತ್ತು ತಂಪುಗೊಳಿಸುವ ನೀರಿನ ಮೂಲಕ ಹೊರಹೋಗಬೇಕು. ರಸ್ತೆಯ ವಾಹನಕ್ಕೆ ಎದುರುಗಾಳಿಯ ನೆರವಿದೆ; ಹಲಗೆಯ ಕೆಳಗಿನ ಗೂಡಿನಲ್ಲಿ ಮುಚ್ಚಿಕೊಂಡಿರುವ ಬೋಟಿನ ಇಂಜಿನ್ನಿಗೆ ಅದಿಲ್ಲ. ಸುತ್ತಲೂ ನೀರಿದೆಯೆಂಬ ಕಾರಣದಿಂದ ಕಡಲ ನೀರನ್ನೇ ಪಂಪಿನಿಂದ ಮೇಲೆತ್ತಿ, ಸಿಲಿಂಡರಿನ ಸುತ್ತ ಹರಿಸಿ, ಮತ್ತೆ ಕಡಲಿಗೆ ಬಿಡುವ ನೇರ ಪದ್ಧತಿಯನ್ನು ಮೊದಮೊದಲ ತಯಾರಕರು ಆರಿಸಿಕೊಂಡರು.

ಸುಲಭವಾಗಿ ಕಂಡ ಈ ಪದ್ಧತಿಗೆ ಅದರದೇ ಆದ ಕೇಡುಗಳಿದ್ದವು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿ ಕ್ಯಾಲ್ಸಿಯಂ ಲವಣಗಳು ನೀರು ಬಿಸಿಯೇರಿದಂತೆಲ್ಲ ಕರಗಿರುವ ಗುಣವನ್ನು ಕಳೆದುಕೊಂಡು ಲೋಹದ ಮೇಲೆ ಗಟ್ಟಿ ಪದರವಾಗಿ ಕೂರುತ್ತವೆ, ಮತ್ತು ಆ ಪದರವು ಶಾಖ ದಾಟದಂತೆ ತಡೆಯುವುದರಿಂದ ಇಂಜಿನ್ ಇನ್ನಷ್ಟು ಕಾಯುತ್ತದೆ. ಹೀಗಾಗಿ ನೇರ ಪದ್ಧತಿಯ ಇಂಜಿನ್ನುಗಳನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನ ಆಚೀಚೆಯಲ್ಲಿಯೇ ಓಡಿಸಬೇಕಾಗುತ್ತಿತ್ತು. ಅಷ್ಟು ತಣ್ಣಗೆ ಓಡುವ ಡೀಸೆಲ್ ಇಂಜಿನ್ ಇಂಧನವನ್ನು ಪೂರ್ತಿಯಾಗಿ ಉರಿಸುವುದಿಲ್ಲ, ಬೇಗ ಸವೆಯುತ್ತದೆ. ಇದಕ್ಕೆ ಉತ್ತರವಾಗಿ ಎರಡು ಸುತ್ತಿನ ಪದ್ಧತಿ ಬಂದಿತು. ಇಲ್ಲಿ ಇಂಜಿನ್ನಿನೊಳಗೆ ಸಿಹಿನೀರು ಮಾತ್ರ ಸುತ್ತುತ್ತದೆ. ಕಡಲ ನೀರು ಸಣ್ಣ ಸಣ್ಣ ಕೊಳವೆಗಳ ಕಟ್ಟೊಂದರ ಮೂಲಕ ಹಾದು, ಆ ಸಿಹಿನೀರಿನ ಕಾವನ್ನು ಹೊತ್ತೊಯ್ಯುತ್ತದೆ. ಈ ಭಾಗವೇ ಶಾಖ ವಿನಿಮಯಕ. ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದ ಬೇರೆ ಬೇರೆ ಲೋಹಗಳಲ್ಲಿ ಒಂದು ಸವೆದು ಮತ್ತೊಂದನ್ನು ಉಳಿಸುತ್ತದೆಯೆಂದು 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗಾಗಿ ತೋರಿಸಿಕೊಟ್ಟಿದ್ದರು. ಆ ತತ್ವದಂತೆಯೇ ಇಂದಿಗೂ ಸವೆಯಲೆಂದೇ ಸತುವಿನ ತುಂಡನ್ನು ವಿನಿಮಯಕದಲ್ಲಿ ಕೂರಿಸುತ್ತಾರೆ.

ಭಾರತದ ಪಶ್ಚಿಮ ಕರಾವಳಿಯಲ್ಲಿ ಸಣ್ಣ ಬೋಟುಗಳ ಯಾಂತ್ರೀಕರಣಕ್ಕೆ ದೊಡ್ಡ ಚಾಲನೆ ಕೊಟ್ಟದ್ದು 1952ರ ಒಪ್ಪಂದದಿಂದ ಹುಟ್ಟಿದ ಇಂಡೋ-ನಾರ್ವೇಜಿಯನ್ ಯೋಜನೆ. ಕೊಲ್ಲಂ ಬಳಿಯ ನೀಂಡಕರ ಮತ್ತು ಶಕ್ತಿಕುಳಂಗರ ಅದರ ಮೊದಲ ನೆಲೆಗಳು. ಸ್ಥಳೀಯ ದೋಣಿಗಳು ಒಡಲೊಳಗೆ ಕೂರಿಸುವ ಇಂಜಿನ್ನಿಗೆ ಒಗ್ಗುವುದಿಲ್ಲವೆಂದು ಕಂಡ ಮೇಲೆ ಹೊಸ ಬೋಟುಗಳನ್ನೇ ರೂಪಿಸಲಾಯಿತು, ಮತ್ತು ಅವುಗಳ ಜೊತೆಗೆ ದುರಸ್ತಿಯ ಕಾರ್ಯಾಗಾರವೂ ಬಂದಿತು. 1960ರ ದಶಕದಲ್ಲಿ ಈ ಯೋಜನೆ ಕಾರವಾರಕ್ಕೂ ವಿಸ್ತರಿಸಿತು. 1963ರಲ್ಲಿ ಕೊಚ್ಚಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಈಗ ಸಿಫ್ನೆಟ್ ಎಂದು ಹೆಸರಾದ ಸಂಸ್ಥೆಯು ಬೋಟು ನಡೆಸುವವರಿಗೂ ಇಂಜಿನ್ ನೋಡಿಕೊಳ್ಳುವವರಿಗೂ ತರಬೇತಿ ಕೊಡತೊಡಗಿತು; 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಸ್ಥಾಪನೆಯಾಯಿತು. ಆದರೂ ದುರಸ್ತಿಯ ವಿದ್ಯೆ ಬೆಳೆದದ್ದು ಮುಖ್ಯವಾಗಿ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳ ಮಗ್ಗುಲಿನ ವರ್ಕ್‌ಶಾಪುಗಳಲ್ಲಿ, ಹಿರಿಯ ಮೆಕ್ಯಾನಿಕ್‌ನ ಕೈಕೆಳಗೆ ಕಿರಿಯನು ಸ್ಪ್ಯಾನರ್ ಹಿಡಿಯುತ್ತ ಕಲಿತ ಕ್ರಮದಲ್ಲಿ.

ಅಲ್ಲಿ ಕಲಿತ ದೋಷ ಹುಡುಕುವ ಕ್ರಮಕ್ಕೆ ಖಚಿತವಾದ ತರ್ಕವಿದೆ, ಅದು ಕಡಲ ನೀರು ಸಾಗುವ ದಾರಿಯನ್ನೇ ಅನುಸರಿಸುತ್ತದೆ. ಇಂಜಿನ್ ಹೀಟ್ ಆದಾಗ ಮೊದಲು ನೋಡುವುದು ಬೋಟಿನ ಪಕ್ಕೆಯಿಂದ ಹೊರಬೀಳುವ ನೀರಿನ ಧಾರೆಯನ್ನು. ಧಾರೆ ಸೊರಗಿದ್ದರೆ ತಪ್ಪು ಕಡಲ ನೀರಿನ ಸುತ್ತಿನಲ್ಲಿದೆ: ತಳದ ವಾಲ್ವ್ ತೆರೆದಿದೆಯೇ, ಜಾಲರಿಯಲ್ಲಿ ಪ್ಲಾಸ್ಟಿಕ್, ಪಾಚಿ ಅಥವಾ ಅಂಬಲಿ ಮೀನು ಸಿಕ್ಕಿಕೊಂಡಿದೆಯೇ, ಪಂಪಿನ ಬೆಲ್ಟ್ ಸಡಿಲವಾಗಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಪಂಪಿನೊಳಗೆ ತಿರುಗುವ ರಬ್ಬರಿನ ಎಸಳುಗಳ ಚಕ್ರ, ಅಂದರೆ ಇಂಪೆಲ್ಲರ್, ನೀರಿಲ್ಲದೆ ಕೆಲವೇ ನಿಮಿಷ ಓಡಿದರೂ ಹರಿದುಹೋಗುತ್ತದೆ. ಹರಿದ ಎಸಳುಗಳನ್ನು ಎಣಿಸಿ, ಕಾಣೆಯಾದ ಚೂರುಗಳನ್ನೆಲ್ಲ ಹುಡುಕಿ ತೆಗೆಯದೆ ಹೊಸ ಇಂಪೆಲ್ಲರ್ ಹಾಕುವುದು ಅರೆಬರೆ ಕೆಲಸ. ಉಳಿದ ಚೂರು ನೀರಿನೊಂದಿಗೆ ಸಾಗಿ ವಿನಿಮಯಕದ ಕೊಳವೆಗಳ ಬಾಯಿಗೆ ಅಡ್ಡ ಕೂರುತ್ತದೆ, ಬೋಟು ಮತ್ತೆ ಕಡಲಿನ ನಡುವೆ ನಿಲ್ಲುತ್ತದೆ.

ಧಾರೆ ಸರಿಯಾಗಿದ್ದೂ ಕಾವು ಏರುತ್ತಿದ್ದರೆ ಸಿಹಿನೀರಿನ ಸುತ್ತಿನತ್ತ ತಿರುಗಬೇಕು. ನೀರಿನ ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಥರ್ಮೋಸ್ಟಾಟನ್ನು ಕಳಚಿ, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿದರೆ ಅದು ತೆರೆಯುತ್ತದೆಯೋ ಇಲ್ಲವೋ ಎಂಬುದು ಕಣ್ಣಿಗೇ ತಿಳಿಯುತ್ತದೆ. ನೀರಿನ ಟ್ಯಾಂಕಿನಲ್ಲಿ ಬಿಡದೆ ಗುಳ್ಳೆಗಳೇಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರಿಗೂ ಅದರ ತಲೆಗೂ ನಡುವಿನ ಬಿಗಿಪಟ್ಟಿ, ಸೋತಿರುವ ಸಂಭವ ಹೆಚ್ಚು. ಕುದಿಯುವ ಇಂಜಿನ್ನಿಗೆ ಅವಸರದಲ್ಲಿ ತಣ್ಣೀರು ಸುರಿದರೆ ಎರಕದ ಕಬ್ಬಿಣದ ತಲೆ ಸೀಳಬಹುದೆಂಬ ಎಚ್ಚರವೂ ಈ ಕಲಿಕೆಗೆ ಸೇರಿದೆ. ಇನ್ನು ಕೆಲವೊಮ್ಮೆ ಎರಡೂ ಸುತ್ತುಗಳು ನಿರ್ದೋಷಿಗಳು. ಪ್ರೊಪೆಲ್ಲರಿಗೆ ಸುತ್ತಿಕೊಂಡ ಹರಕು ಬಲೆಯೇ ಇಂಜಿನ್ನಿನ ಮೇಲೆ ಹೊರೆ ಹೇರಿರುತ್ತದೆ.

ಸ್ಥಳದ ಗುಣವೂ ಈ ಜ್ಞಾನವನ್ನು ತಿದ್ದಿದೆ. ಇಲ್ಲಿನ ಬಂದರುಗಳಲ್ಲಿ ಹಲವು ನದಿಗಳ ಅಳಿವೆಗೆ ಹತ್ತಿರವಿರುವುದರಿಂದ ನೀರಿನಲ್ಲಿ ಹೂಳು ಸದಾ ಇರುತ್ತದೆ. ಬೋಟು ನಿಂತಷ್ಟು ಕಾಲವೂ ಚಿಪ್ಪುಜೀವಿಗಳು ನೀರು ಒಳಬರುವ ರಂಧ್ರಕ್ಕೆ ಕಚ್ಚಿಕೊಳ್ಳುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳು ಆದ್ದರಿಂದಲೇ ದುರಸ್ತಿಯ ಋತುವಾಗಿವೆ: ವಿನಿಮಯಕವನ್ನು ಬಿಚ್ಚಿ, ಕೊಳವೆಗಳೊಳಗೆ ಸರಳು ಆಡಿಸಿ, ಸೌಮ್ಯ ಆಮ್ಲದಲ್ಲಿ ತೊಳೆದು, ಹೊಸ ಸತು ಕೂರಿಸುವುದು ಆ ಬಿಡುವಿನ ಕೆಲಸ.

ಹಲವು ದಿನ ಆಳಸಮುದ್ರದಲ್ಲಿ ಉಳಿಯುವ ಇಂದಿನ ಟ್ರಾಲ್ ಬೋಟುಗಳಲ್ಲಿ ಇಂಜಿನ್ನಿನ ಅಶ್ವಶಕ್ತಿ ಹಿಂದಿಗಿಂತ ಬಹಳ ಹೆಚ್ಚಿದೆ, ಹೊರಹಾಕಬೇಕಾದ ಕಾವೂ ಅಷ್ಟೇ ಹೆಚ್ಚಿದೆ. ಆದುದರಿಂದ ಸಣ್ಣ ಅಡ್ಡಿಯೊಂದು ಇಡೀ ತಂಡದ ಜೀವಕ್ಕೆ ಎರವಾಗಬಲ್ಲದು. ಹಾಗಿರುವಾಗ ಈ ವಿದ್ಯೆಯನ್ನು ಬಲ್ಲವರ ಅನುಭವವನ್ನು ಅವರ ಮಾತಿನಲ್ಲಿಯೇ ದಾಖಲಿಸಿ, ಕನ್ನಡದಲ್ಲಿ ಪಠ್ಯವಾಗಿಸುವುದು ಕರಾವಳಿಯ ಇತಿಹಾಸಕಾರರ ಮತ್ತು ಮೀನುಗಾರಿಕೆಯ ಶಿಕ್ಷಕರ ಹೊಣೆ. ಬಲೆಯ ಇತಿಹಾಸ ಬರೆದವರು ಇಂಜಿನ್ನಿನ ಗೂಡಿನೊಳಗಿನ ದುಡಿಮೆಯ ಇತಿಹಾಸವನ್ನೂ ಬರೆದಾಗಲೇ ಯಾಂತ್ರೀಕರಣದ ಕಥನ ಪೂರ್ಣವಾದೀತು.